ಒಂದೇ ಬಿಸಿಲು, ಮೂರು ಲೆಕ್ಕ: ತುಮಕೂರಿನ ಒಂದು ಮನೆ ಸೋಲಾರ್ ನೀರಿಗೆ ಬದಲಾದ ಕತೆ

2024ರ ಡಿಸೆಂಬರ್‌ನಲ್ಲಿ ಅಕ್ಕನ ಮನೆಗೆ ಬಂದ ಕರೆಂಟ್ ಬಿಲ್ಲಿನಲ್ಲಿ 232 ಯೂನಿಟ್ ಇತ್ತು. ಮನೆಗಳಿಗೆ ಉಚಿತ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯ ಗೆರೆ 200. ಗೆರೆ ದಾಟಿದ್ದರಿಂದ ದಾಟಿದ 32 ಯೂನಿಟ್ಟಿಗಷ್ಟೇ ಅಲ್ಲ, ಮೊದಲನೇ ಯೂನಿಟ್ಟಿನಿಂದ ಹಿಡಿದು ಪೂರ್ತಿ ದುಡ್ಡು ಕಟ್ಟಬೇಕಾಯಿತು. ಅಕ್ಕ ಬಿಲ್ಲಿನ ಫೋಟೋ ತೆಗೆದು ನನಗೆ ಕಳಿಸಿ, "ಸೋಲಾರ್ ಹಾಕಿಸಿದ್ರೆ ಎಷ್ಟು ವರ್ಷಕ್ಕೆ ದುಡ್ಡು ಹುಟ್ಟುತ್ತೆ, ಸರಿಯಾಗಿ ಲೆಕ್ಕ ಹಾಕಿ ಹೇಳೋ" ಅಂದಳು. ಸುಲಭದ ಕೆಲಸ ಅಂದುಕೊಂಡು ಕೂತೆ. ವರ್ಷವೇ ಹಿಡಿಯಿತು. ಹಾಕಿಸುವ ಮುಂಚಿನ ವರ್ಷದ ಬಿಲ್ಲು, ಹಾಕಿಸಿದ ಮೇಲಿನ ವರ್ಷದ ಬಿಲ್ಲು ಎರಡೂ ಈಗ ಕೈಯಲ್ಲಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಚಳಿ ದೇಶಗಳಲ್ಲಿ ಮನೆ ಕಾಯಿಸುವುದು ಅಂದರೆ ಕೋಣೆ ಬೆಚ್ಚಗಿಡುವುದು. ನಮ್ಮಲ್ಲಿ ಅದು ಬಚ್ಚಲಿನ ನೀರು, ಅಷ್ಟೇ. ಆದರೆ ಆ ಬಚ್ಚಲು ಮನೆಯ ಕರೆಂಟಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ನುಂಗುತ್ತಿರಬಹುದು ಅನ್ನುವುದು ಅಳೆದು ನೋಡುವ ತನಕ ನನಗೂ ಗೊತ್ತಿರಲಿಲ್ಲ.

ಮನೆ, ಹಂಡೆ, ಗೀಸರ್

ಮನೆ ಕಟ್ಟಿದ್ದು 1998ರಲ್ಲಿ. ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದ ಸರ್ಕಾರಿ ಆದೇಶ ಬಂದಿದ್ದು 2007ರಲ್ಲಿ, ಹಾಗಾಗಿ ಇವರನ್ನು ಯಾರೂ ಕೇಳಿರಲಿಲ್ಲ. ಕೆಳಗೆ ಅಕ್ಕ, ಭಾವ, ಇಬ್ಬರು ಮಕ್ಕಳು, 2023ರಲ್ಲಿ ತಿಪಟೂರಿನ ಕಡೆಯ ತೋಟದ ಮನೆ ಬಿಟ್ಟು ಬಂದ ಅಕ್ಕನ ಅತ್ತೆ. ಮಹಡಿ ಮೇಲೆ ಬಾಡಿಗೆಗೆ ಒಂದು ಸಣ್ಣ ಸಂಸಾರ, ಅವರಿಗೆ ಬೇರೆ ಮೀಟರ್. ಒಳಗಿನ ಬಚ್ಚಲಲ್ಲಿ 25 ಲೀಟರಿನ, 2 ಕಿಲೋವ್ಯಾಟಿನ ಗೀಸರ್. ಹಿತ್ತಲಲ್ಲಿ ಹಳೇ ಬಚ್ಚಲುಮನೆ, ಒಲೆ ಮೇಲೆ ಕೂರಿಸಿದ ತಾಮ್ರದ ಹಂಡೆ. ಊರಿಂದ ಬರುವ ಎಡಮಟ್ಟೆ, ಸೋಗೆ, ಕರಟ ಅದರ ಪಕ್ಕದಲ್ಲೇ ಒಟ್ಟಿರುತ್ತೆ.

ಗೃಹಜ್ಯೋತಿ ಹೇಗೆ ಲೆಕ್ಕಕ್ಕೆ ಬರುತ್ತೆ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. 2022-23ರಲ್ಲಿ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಸುಟ್ಟಿತ್ತೋ ಅದಕ್ಕೆ ಶೇ 10 ಸೇರಿಸಿ ಒಂದು ಮಿತಿ ಕಟ್ಟಿದರು. ಅದರೊಳಗಿದ್ದರೆ ಜೀರೋ ಬಿಲ್. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ಅಕ್ಕನ ಮನೆಯ ಹಳೇ ಸರಾಸರಿ 168, ಹಾಗಾಗಿ ಮಿತಿ 185ರ ಆಸುಪಾಸು. ಆಮೇಲೆ ಅತ್ತೆ ಬಂದರು, ಮಕ್ಕಳು ದೊಡ್ಡವರಾದರು, ತಲಾ ಎರಡೆರಡು ಬಕೆಟ್ ನೀರು ಹುಯ್ದುಕೊಳ್ಳುವ ವಯಸ್ಸು. 2024ರಲ್ಲಿ ಎಂಟು ತಿಂಗಳು 200 ದಾಟಿತು, ಆ ಎಂಟರ ಸರಾಸರಿ 214. ಮಾರ್ಚ್‌ನಿಂದ ಜೂನ್‌ವರೆಗಿನ ನಾಲ್ಕು ತಿಂಗಳು ಸರಾಸರಿ 178, ಜೀರೋ ಬಿಲ್.

ಅಳೆದಿದ್ದು ಹೇಗೆ

ಗೀಸರಿನ ಸ್ವಿಚ್ ಪಕ್ಕ ಒಂದು ನೋಟ್‌ಬುಕ್ಕನ್ನು ದಾರ ಕಟ್ಟಿ ನೇತುಹಾಕಿದೆವು. ಸ್ವಿಚ್ ಹಾಕಿದ ಹೊತ್ತು ಬರೆದರೆ ಪ್ರಯೋಜನವಿಲ್ಲ, ಥರ್ಮೋಸ್ಟಾಟ್ ನಡುವೆ ಕಟ್ ಮಾಡುತ್ತಿರುತ್ತೆ. ಕೆಂಪು ದೀಪ ಉರಿದಷ್ಟು ಹೊತ್ತು ಮಾತ್ರ ಬರೆಯಬೇಕು. ಈ ಕೆಲಸವನ್ನು ಸೊಸೆ, ಅಂದರೆ ಅಕ್ಕನ ಹತ್ತು ವರ್ಷದ ಮಗಳು, ಹದಿನೈದು ದಿನ ಬಿಡದೆ ಮಾಡಿದಳು. ಯಾರ ಸ್ನಾನಕ್ಕೆ ಎಷ್ಟು ನಿಮಿಷ ಅಂತ ಹೆಸರು ಸಮೇತ ಬರೆದಿದ್ದಳು, ಅಣ್ಣನ ಹೆಸರಿನ ಕೆಳಗೆ ಎರಡೆರಡು ಗೆರೆ ಎಳೆದಿದ್ದಳು.

ಸರಾಸರಿ ಬಂದಿದ್ದು ದಿನಕ್ಕೆ 95 ನಿಮಿಷ. 2 ಕಿಲೋವ್ಯಾಟಿಗೆ ಅದು 3.2 ಯೂನಿಟ್, ತಿಂಗಳಿಗೆ 95. ಅಂದರೆ 214ರಲ್ಲಿ 95 ನೀರು ಕಾಯಿಸುವುದಕ್ಕೇ. ಫ್ರಿಜ್, ಮೋಟರ್, ವಾಷಿಂಗ್ ಮಷಿನ್, ಮಿಕ್ಸಿ, ದೀಪ, ಫ್ಯಾನು, ಟಿವಿ ಎಲ್ಲ ಸೇರಿ ಉಳಿದ 119. ಬೇಸಿಗೆಯ ನಾಲ್ಕು ತಿಂಗಳು ತಿಂಗಳಿಗೆ 55 ಹಿಡಿದೆ. ವರ್ಷಕ್ಕೆ ಗೀಸರಿನ ಪಾಲು ಸುಮಾರು 980 ಯೂನಿಟ್.

ಸೋಲಾರ್ ಅಂಗಡಿಗೆ ಹೋದಾಗ ಅಲ್ಲಿಯ ಲೆಕ್ಕ ಬೇರೆ ಇತ್ತು. "200 ಲೀಟರ್ ತೊಟ್ಟಿ ತಗೊಳ್ಳಿ ಸಾರ್, ದಿನಕ್ಕೆ ಎಂಟು ಯೂನಿಟ್ ಉಳಿಯುತ್ತೆ, ಎರಡು ವರ್ಷಕ್ಕೆ ಅಸಲು ವಾಪಸ್." ಎಂಟು ಯೂನಿಟ್ ಅನ್ನುವುದು ಸುಳ್ಳಲ್ಲ. 200 ಲೀಟರ್ ನೀರನ್ನು 24 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 8.4 ಯೂನಿಟ್ ಶಾಖ ಬೇಕು, ಭೌತಶಾಸ್ತ್ರದ ಲೆಕ್ಕ ಅದು. ಆದರೆ ನಾವು ಸುಡುತ್ತಿದ್ದುದೇ 3.2 ಯೂನಿಟ್. ಸುಡದ ಕರೆಂಟನ್ನು ಉಳಿಸಲು ಆಗುವುದಿಲ್ಲ. ತೊಟ್ಟಿಯಲ್ಲಿ ಎಷ್ಟು ನೀರು ಕಾಯುತ್ತೆ ಅನ್ನುವುದರ ಮೇಲೆ ಉಳಿತಾಯ ತೋರಿಸುವ ಎಲ್ಲ ಪಟ್ಟಿಗಳಲ್ಲೂ ಇದೇ ದೋಷ ಇರುತ್ತೆ. ಕೊಳ್ಳುವವರು ಕೇಳಬೇಕಾದ್ದು ಈಗ ನಮ್ಮ ಗೀಸರ್ ಎಷ್ಟು ನಿಮಿಷ ಉರಿಯುತ್ತಿದೆ ಅನ್ನುವುದನ್ನು, ಅದೂ ತಮ್ಮನ್ನು ತಾವೇ.

ಹಾಕಿಸಿದ್ದು

2025ರ ಸಂಕ್ರಾಂತಿ ಕಳೆದ ವಾರ ಹಾಕಿಸಿದೆವು. 200 ಲೀಟರಿನದು, ಗಾಜಿನ ಟ್ಯೂಬಿನ ಮಾದರಿ. ತಾಮ್ರದ ಕೊಳವೆಯ ಫ್ಲಾಟ್ ಪ್ಲೇಟ್ ಹೆಚ್ಚು ಬಾಳುತ್ತೆ, ಆದರೆ ತುಮಕೂರಿನಲ್ಲಿ ನೆಲದ ಸಂಪ್‌ಗೆ ಬೀಳುವುದು ಒಂದು ದಿನ ಹೇಮಾವತಿ ನೀರು, ಮೂರು ದಿನ ಬೋರ್‌ವೆಲ್ ನೀರು. ಹಳೇ ಗೀಸರಿನ ಕಾಯಿಲ್ ಬಿಚ್ಚಿ ನೋಡಿದರೆ ಹೆಬ್ಬೆರಳ ದಪ್ಪ ಸುಣ್ಣ ಕಟ್ಟಿಕೊಂಡು ಲೋಹವೇ ಕಾಣುತ್ತಿರಲಿಲ್ಲ. ಅಂಥ ಗಡಸು ನೀರು ಸಣ್ಣ ತಾಮ್ರದ ಕೊಳವೆಗೆ ಹೋದರೆ ಅದು ಒಳಗೊಳಗೇ ಕಟ್ಟುತ್ತೆ. ಗಾಜಿನ ಟ್ಯೂಬಾದರೆ ಬಿಚ್ಚಿ ತೊಳೆಯಬಹುದು.

ಖರ್ಚು ಹೀಗಾಯಿತು. ತೊಟ್ಟಿ, ಟ್ಯೂಬು, ಸ್ಟ್ಯಾಂಡು ಸೇರಿ 33,000. ಸಿಪಿವಿಸಿ ಪೈಪು, ಅದರ ಮೇಲಿನ ಹೊದಿಕೆ, ಪ್ಲಂಬರ್ ಕೂಲಿ 9,500. ಇನ್ನೊಂದು 3,000 ಯಾರ ಅಂದಾಜಿನಲ್ಲೂ ಇರಲಿಲ್ಲ. ತಣ್ಣೀರಿನ ಸಿಂಟೆಕ್ಸ್ ಟ್ಯಾಂಕಿನ ತಳ ಸೋಲಾರ್ ತೊಟ್ಟಿಗಿಂತ ಮೇಲಿರಬೇಕು, ಇಲ್ಲದಿದ್ದರೆ ನೀರು ತಾನಾಗಿ ಏರುವುದಿಲ್ಲ. ಇವರ ಟ್ಯಾಂಕು ತಾರಸಿಯ ನೆಲದ ಮೇಲೇ ಕೂತಿತ್ತು. ನಾಲ್ಕು ಕಂಬ ಎಬ್ಬಿಸಿ, ಚಪ್ಪಡಿ ಹಾಕಿ ಎತ್ತಬೇಕಾಯಿತು. ಒಟ್ಟು 45,500. ಹಳೇ ಗೀಸರನ್ನು ಮೋಡದ ದಿನಕ್ಕೆಂದು ಹಾಗೇ ಬಿಟ್ಟರು. ಕೇಂದ್ರ ಸರ್ಕಾರ ಹಿಂದೆ ಸೋಲಾರ್ ವಾಟರ್ ಹೀಟರಿಗೆ ಸಹಾಯಧನ ಕೊಡುತ್ತಿತ್ತು, 2014ರಲ್ಲಿ ಅದು ನಿಂತಿತು. ಈಗ ಸಹಾಯಧನ ಇರುವುದು ಕರೆಂಟ್ ಉತ್ಪಾದಿಸುವ ಫಲಕಗಳಿಗೆ: ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟಿದ್ದಕ್ಕೆ ಒಟ್ಟು 78,000.

ಹಿತ್ತಲ ಕಡೆಯ ಬಚ್ಚಲಿಗೆ ತಾರಸಿಯಿಂದ ಪೈಪಿನ ಉದ್ದ 18 ಮೀಟರ್. ಮುಕ್ಕಾಲು ಇಂಚಿನ ಪೈಪಿನಲ್ಲಿ ಅಷ್ಟುದ್ದಕ್ಕೆ ನಾಲ್ಕೂವರೆ ಲೀಟರ್ ನೀರು ನಿಂತಿರುತ್ತೆ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಅದು ತಣ್ಣಗೆ ಬಂದು ಮುಗಿದ ಮೇಲೇ ಬಿಸಿ. ಅಕ್ಕ ಅದನ್ನು ಒಂದು ಬಕೆಟ್ಟಿಗೆ ಹಿಡಿದು ಬೆರೆಸುವುದಕ್ಕೆ ಇಟ್ಟುಕೊಳ್ಳುತ್ತಾಳೆ. ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ಒಂದೇ ಸಲ ಹೋಗುತ್ತೆ, ಒಬ್ಬರು ಆರಕ್ಕೆ ಇನ್ನೊಬ್ಬರು ಒಂಬತ್ತಕ್ಕೆ ಹೋದರೆ ಎರಡು ಸಲ.

ಏಪ್ರಿಲ್‌ನಲ್ಲಿ ಒಂದು ಅನಾಹುತ ಆಯಿತು. ಕರೆಂಟಿಲ್ಲದೆ ಮೋಟರ್ ಓಡಿರಲಿಲ್ಲ, ಟ್ಯಾಂಕು ಬರಿದಾಗಿ ಸೋಲಾರ್ ತೊಟ್ಟಿಗೂ ನೀರು ಹೋಗಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕರೆಂಟ್ ಬಂದ ಕೂಡಲೇ ಭಾವ ಮೋಟರ್ ಹಾಕಿದರು. ಬಿಸಿಲಿಗೆ ಒಣಗಿ ಕಾದಿದ್ದ ಟ್ಯೂಬುಗಳಿಗೆ ತಣ್ಣೀರು ನುಗ್ಗಿದ್ದೇ ತಡ, ತಾರಸಿ ಮೇಲಿಂದ ಟಪ್ ಟಪ್ ಅಂತ ಎರಡು ಸದ್ದು. ಓಡಿಹೋಗಿ ನೋಡಿದರೆ ಎರಡು ಟ್ಯೂಬು ಸೀಳಿ, ನೀರೆಲ್ಲ ತಾರಸಿ ತುಂಬಾ. ಈ ಮಾದರಿಯಲ್ಲಿ ಒಂದು ಟ್ಯೂಬು ಒಡೆದರೂ ತೊಟ್ಟಿ ಪೂರ್ತಿ ಸೋರುತ್ತೆ. ಬರಿದಾದ ತೊಟ್ಟಿಗೆ ಹೊತ್ತು ಮುಳುಗಿದ ಮೇಲೆ ಇಲ್ಲವೇ ಬೆಳಗಿನ ಜಾವವೇ ನೀರು ಬಿಡಬೇಕು. ಈಗ ಮೋಟರಿನ ಸ್ವಿಚ್ ಬೋರ್ಡಿನ ಮೇಲೆ ಭಾವನ ಕೈಬರಹದಲ್ಲಿ ಒಂದು ಚೀಟಿ ಅಂಟಿದೆ: "ಸೋಲಾರ್ ಖಾಲಿ ಇದ್ದರೆ 6 ಗಂಟೆ ಮೇಲೆ."

ಎರಡು ಟ್ಯೂಬಿಗೆ 700, ವರ್ಷದ ಕೊನೆಗೆ ಸುಣ್ಣ ತೆಗೆಸಲು 500. ವರ್ಷಕ್ಕೆ 1,200 ನಿರ್ವಹಣೆ ಅಂತ ಹಿಡಿದಿದ್ದೇನೆ.

ದುಡ್ಡು ಹುಟ್ಟುವ ಲೆಕ್ಕ

ವರ್ಷದಲ್ಲಿ 58 ದಿನ ಗೀಸರ್ ಹಾಕಬೇಕಾಯಿತು. ಹೆಚ್ಚಿನವು ಜುಲೈ, ಆಗಸ್ಟ್ ಮೋಡದ ದಿನಗಳು, ಅಕ್ಟೋಬರಿನ ಜಡಿಮಳೆಯ ಎರಡು ವಾರ. ಅವಕ್ಕೆ ಹೋಗಿದ್ದು 130 ಯೂನಿಟ್. 980ರಲ್ಲಿ ಅದನ್ನು ಕಳೆದರೆ ಉಳಿದದ್ದು 850.

ಎರಡು ವರ್ಷಕ್ಕೂ ಒಂದೇ ದರ ಹಾಕಿದರೆ ಹೋಲಿಕೆ ಸರಿಯಾಗಿರುತ್ತೆ. 2025-26ರಲ್ಲಿ ಗೃಹಬಳಕೆಗೆ ಯೂನಿಟ್ಟಿಗೆ 5.80, ವಿದ್ಯುತ್ ನೌಕರರ ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ, ಶೇ 9 ತೆರಿಗೆ, ಜೊತೆಗೆ ಮನೆಗೆ ಮಂಜೂರಾದ ಲೋಡಿನ ಕಿಲೋವ್ಯಾಟಿಗೆ 145 ನಿಗದಿತ ಶುಲ್ಕ ಇತ್ತು. ಇವರದು 3 ಕಿಲೋವ್ಯಾಟ್, ಹಾಗಾಗಿ 435. ತಿಂಗಳು ತಿಂಗಳು ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕವನ್ನು ಬಿಟ್ಟಿದ್ದೇನೆ.

ಮೊದಲನೇ ಲೆಕ್ಕ, ಗೃಹಜ್ಯೋತಿ ಇಲ್ಲವೇ ಇಲ್ಲ ಎಂದುಕೊಂಡು. ಸೋಲಾರ್ ಹಾಕಿದರೂ ನಿಗದಿತ ಶುಲ್ಕ ಇದ್ದೇ ಇರುತ್ತೆ. ಉಳಿಯುವುದು ಯೂನಿಟ್ಟಿನ ದುಡ್ಡು ಮಾತ್ರ, ಎಲ್ಲ ಸೇರಿ 6.68. ವರ್ಷಕ್ಕೆ 5,680, ನಿರ್ವಹಣೆ ಕಳೆದು 4,480. ಹಾಕಿದ 45,500 ಹುಟ್ಟಲು ಹತ್ತು ವರ್ಷ ದಾಟುತ್ತೆ. ಅದೇ ದುಡ್ಡನ್ನು ಶೇ 7ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 3,185 ಬರುತ್ತೆ, ಅಸಲೂ ಹಾಗೇ ಇರುತ್ತೆ. ದುಡ್ಡನ್ನೇ ನೋಡುವವರಿಗೆ ಈ ಲೆಕ್ಕದಲ್ಲಿ ಸೋಲಾರ್ ಹಾಕಿಸಿ ಎಂದು ನಾನು ಹೇಳಲಾರೆ.

ಎರಡನೆಯದು, ಅಕ್ಕನ ಮನೆಯ ನಿಜವಾದ ಲೆಕ್ಕ. 214 ಯೂನಿಟ್ಟಿನ ತಿಂಗಳಿಗೆ ಬಿಲ್ಲು 1,865 ಆಗುತ್ತೆ. ಅಂಥವು ಎಂಟು, ಅಂದರೆ 14,920. ಸೋಲಾರ್ ಬಂದ ಮೇಲೆ ಯಾವ ತಿಂಗಳೂ 160 ದಾಟಿಲ್ಲ, ಹನ್ನೆರಡೂ ಜೀರೋ ಬಿಲ್. ನಿರ್ವಹಣೆ ಕಳೆದು ವರ್ಷಕ್ಕೆ 13,720 ಉಳಿಯಿತು. ಮೂರು ವರ್ಷ ನಾಲ್ಕು ತಿಂಗಳಲ್ಲಿ ದುಡ್ಡು ಹುಟ್ಟುತ್ತೆ.

ಮೂರನೆಯದು ಮಹಡಿ ಮೇಲಿನವರದು. ಅವರು ಗೀಸರ್ ಸೇರಿ ತಿಂಗಳಿಗೆ 140 ಯೂನಿಟ್ ಸುಡುತ್ತಾರೆ, ಅವರ ಮಿತಿಯೊಳಗೇ. ಈಗಲೂ ಜೀರೋ ಬಿಲ್. ಸೋಲಾರ್ ಹಾಕಿದರೆ ಅವರಿಗೆ ಉಳಿಯುವುದು ಒಂದು ರೂಪಾಯಿಯೂ ಇಲ್ಲ. ಸೋಲಾರ್ ಇರುವ ಮನೆಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಬಹಳ ವರ್ಷಗಳಿಂದ ಇದೆ, ಆದರೆ ಜೀರೋ ಬಿಲ್ಲಿನಲ್ಲಿ ಕಳೆಯುವುದಕ್ಕೆ ಏನಿರುತ್ತೆ? ಅವರು ಹಾಕಿದ ದುಡ್ಡು ಎಂದೂ ಹುಟ್ಟುವುದಿಲ್ಲ.

ಒಂದೇ ತಾರಸಿ, ಒಂದೇ ಬಿಸಿಲು. ಮೂರು ವರ್ಷ, ಹತ್ತು ವರ್ಷ, ಎಂದೂ ಇಲ್ಲ. ತೊಟ್ಟಿಯ ಗುಣಮಟ್ಟ, ಕಂಪನಿ, ಬಿಸಿಲಿನ ತೀವ್ರತೆ ಯಾವುದೂ ಈ ವ್ಯತ್ಯಾಸ ತಂದಿಲ್ಲ. ಗೃಹಜ್ಯೋತಿ ಇದೆಯೋ ಇಲ್ಲವೋ, ಇದ್ದರೆ ಮನೆ 200ರ ಗೆರೆಯ ಯಾವ ಕಡೆ ನಿಂತಿದೆ ಅನ್ನುವುದಷ್ಟೇ ತಂದಿದೆ.

ಈ ಲೆಕ್ಕ ಓದಿ ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮೂವತ್ತು ಯೂನಿಟ್ ಕಮ್ಮಿ ಮಾಡಿದ್ರೆ ಸಾಕಿತ್ತಲ್ವೇನೋ?" ಅಂದಳು. ನಾನು ಕಾಣದೆ ಹೋದದ್ದು ಅವಳಿಗೆ ತಟ್ಟನೆ ಕಂಡಿತ್ತು. 214ರಿಂದ 184ಕ್ಕೆ ಇಳಿದರೆ ಬಿಲ್ಲು ಜೀರೋ. ಮೊದಲ 30 ಯೂನಿಟ್ಟಿನಲ್ಲೇ 14,920ರ ಉಳಿತಾಯವೆಲ್ಲ ಬಂದುಬಿಡುತ್ತೆ, ಉಳಿದ ಯೂನಿಟ್ಟಿಗೆ ಬೆಲೆಯೇ ಇಲ್ಲ. ಸಾಮಾನ್ಯ ತಿಂಗಳಲ್ಲಿ ಹತ್ತು ದಿನ, ಡಿಸೆಂಬರ್‌ನಂಥ ತಿಂಗಳಲ್ಲಿ ಹದಿನೈದು ದಿನ ಗೀಸರ್ ಹಾಕದೆ ಹಿತ್ತಲ ಹಂಡೆಗೆ ಎಡಮಟ್ಟೆ ತುರುಕಿದ್ದರೆ ಆಗಿಹೋಗುತ್ತಿತ್ತು. ಅತ್ತೆ ಮೊದಲ ದಿನವೇ ಹೇಳಿದ್ದರು: "ಹಂಡೆ ಇದ್ದಂಗೇ ಐತಲ್ಲ, ಇದ್ಯಾಕವ್ವ ಅಷ್ಟು ದುಡ್ಡು?"

ಅದು ಉಡಾಫೆಯ ಮಾತಲ್ಲ. ತೋಟದಲ್ಲಿ ಬಿದ್ದು ಕೊಳೆಯುವ ಸೋಗೆ, ಕರಟ ಸುಟ್ಟರೆ ಕಲ್ಲಿದ್ದಲು ಉಳಿಯುತ್ತೆ. ಇಂಗಾಲದ ಲೆಕ್ಕದಲ್ಲಿ ಹಂಡೆ ಗೀಸರಿಗಿಂತ ಎಷ್ಟೋ ಮೇಲು. ಆದರೆ ಒಲೆ ಮುಂದೆ ಕೂತು ಊದುವವರು ಯಾರು? ಹಿಂದೆ ಊದಿ ಊದಿ ಕೆಮ್ಮು ಹತ್ತಿಸಿಕೊಂಡವರೂ ಅತ್ತೆಯೇ. ತುಮಕೂರಿನಂಥ ಊರಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳ ನಡುವೆ ಆ ಹೊಗೆ ಪಕ್ಕದ ಮನೆಯ ಕಿಟಕಿಗೇ ಹೋಗುತ್ತೆ. ಬೆಳಗ್ಗೆ ಐದೂವರೆಗೆ ಎದ್ದು ಒಲೆ ಹಚ್ಚುವ ಶ್ರಮಕ್ಕೆ ನಾವು ಯಾವ ಪಟ್ಟಿಯಲ್ಲೂ ಬೆಲೆ ಕಟ್ಟುವುದಿಲ್ಲ, ಅದು ಹೆಂಗಸರ ಶ್ರಮ ಆಗಿರುವುದರಿಂದಲೇ ಕಟ್ಟುವುದಿಲ್ಲ ಅಂತ ನನಗನ್ನಿಸುತ್ತೆ. ಅಕ್ಕ ಸೋಲಾರ್ ಆರಿಸಿಕೊಂಡಿದ್ದು ಸರಿ. ಹಂಡೆಯೂ ಹೋಗಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಹಾಗಲಬಳ್ಳಿ ಸುತ್ತಿದ್ದರು. ಆವತ್ತು ಎಲ್ಲರ ಎಣ್ಣೆಸ್ನಾನ ಅದರ ನೀರಲ್ಲೇ.

ನಾವು ತಪ್ಪಿದ್ದು ತೊಟ್ಟಿಯ ಅಳತೆಯಲ್ಲಿ. ಐದು ಜನಕ್ಕೆ ತಲಾ 25 ಲೀಟರ್, 40 ಡಿಗ್ರಿಯ ನೀರು ಬೇಕೆಂದರೆ 60 ಡಿಗ್ರಿಯ ನೀರು 55 ಲೀಟರ್ ಸಾಕು, ಮಿಕ್ಕಿದ್ದು ತಣ್ಣೀರು ಬೆರೆಸುವುದೇ. ಮಾರನೇ ದಿನ ಮೋಡ ಕವಿದರೂ ಇರಲಿ ಎಂದರೆ 150 ಲೀಟರ್ ಧಾರಾಳ. 200 ಹೆಚ್ಚಾಯಿತು. ಹೀಟ್ ಪಂಪ್ ಕೂಡ ವಿಚಾರಿಸಿದ್ದೆವು, ಗಾಳಿಯ ಶಾಖವನ್ನೇ ಹೀರಿ ನೀರಿಗೆ ಕೊಡುವ ಯಂತ್ರ, ಗೀಸರಿನ ಮೂರನೇ ಒಂದು ಪಾಲು ಕರೆಂಟ್ ಸಾಕು. ತಾರಸಿಯ ಹಕ್ಕಿಲ್ಲದ ಅಪಾರ್ಟ್‌ಮೆಂಟಿನವರಿಗೆ ಒಳ್ಳೆಯದೇ. ಬೆಲೆ ಮಾತ್ರ ಸೋಲಾರಿನ ಎರಡು ಪಟ್ಟಿಗೂ ಮೇಲೆ ಹೇಳಿದರು, ಅಲ್ಲಿಗೇ ಬಿಟ್ಟೆವು.

ಮಹಡಿಯ ಗೋಡೆ

ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಿಡಿದರೆ, 850 ಯೂನಿಟ್ಟಿಗೆ 600 ಕೆ.ಜಿ. ಆಗುತ್ತೆ. ನೀರು ಕಾಯಿಸುವ ಕರೆಂಟಿಗೆ ಇನ್ನೊಂದು ವಿಶೇಷವಿದೆ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಆದರೆ ಊರಿನ ಗೀಸರುಗಳೆಲ್ಲ ಒಟ್ಟಿಗೆ ಉರಿಯುವುದು ಬೆಳಗಿನ ಆರರಿಂದ ಎಂಟರೊಳಗೆ. ಅಷ್ಟು ಹೊತ್ತಿಗೆ ಪಾವಗಡದ ಫಲಕಗಳ ಮೇಲೆ ಎಳೆಬಿಸಿಲು ಬಿದ್ದಿರುತ್ತೆ, ಅಷ್ಟೇ. ನಿನ್ನೆಯ ಬಿಸಿಲನ್ನು ಬೆಳಗಿನ ಸ್ನಾನದ ತನಕ ಹಿಡಿದಿಡಬಲ್ಲದ್ದು ತಾರಸಿಯ ಮೇಲಿನ ಈ ತೊಟ್ಟಿ. ಬ್ಯಾಟರಿಯಿಲ್ಲದ ಬ್ಯಾಟರಿ ಇದು. ಅದಕ್ಕೇ ಜೀರೋ ಬಿಲ್ಲಿನ ಮನೆಗಳಿಗೂ ಇದನ್ನು ಹಾಕಿಸುವ ದಾರಿ ಯಾರಾದರೂ ಹುಡುಕಬೇಕು. ಅಲ್ಲಿ ಉಳಿಯುವ ಪ್ರತಿ ಯೂನಿಟ್ಟಿನ ದುಡ್ಡು ಉಳಿಯುವುದು ಸರ್ಕಾರಕ್ಕೆ. ಹಾಗಿದ್ದಮೇಲೆ ತೊಟ್ಟಿಯ ಖರ್ಚಿನಲ್ಲೂ ಸರ್ಕಾರದ ಪಾಲಿರುವುದು ನ್ಯಾಯ. ಗೃಹಜ್ಯೋತಿ ಬೇಡ ಅನ್ನುವವನಲ್ಲ ನಾನು, ಅದರಿಂದ ಉಸಿರಾಡಿದ ಮನೆಗಳನ್ನು ನೋಡಿದ್ದೇನೆ. ಯೋಜನೆಗೆ ಈ ಒಂದು ಕೊಂಡಿ ಬೆಸೆದರೆ ಸಾಕು.

ಇವರ ತೊಟ್ಟಿಯಲ್ಲಿ ಹೆಚ್ಚಾಗಿ ಉಳಿಯುವ ನೀರು ಮಹಡಿಯವರಿಗೆ ಧಾರಾಳ ಸಾಕು. ಬಿಸಿನೀರಿನ ಪೈಪು ಇಳಿಯುವುದೂ ಅವರ ಬಚ್ಚಲಿನ ಗೋಡೆಯ ಹೊರಗೇ. ಗೋಡೆ ಕೊರೆದು, ಮಿಕ್ಸರ್ ಹಾಕಿ, ಟೈಲ್ಸ್ ಸರಿಮಾಡಲು ಪ್ಲಂಬರ್ 4,000 ಕೇಳಿದ. ಬಾಡಿಗೆಯವರು ಯಾಕೆ ಕೊಡುತ್ತಾರೆ, ಬಿಲ್ಲು ಹೇಗೂ ಜೀರೋ. ಅಕ್ಕನಿಗೂ ಅದರಿಂದ ಬರುವುದೇನಿಲ್ಲ. ಆದರೂ ಪೈಪು ಎಳೆಯುವ ದಿನವೇ ಅವಳು ಆ ಜಾಗದಲ್ಲಿ ಒಂದು ಟೀ ಜಾಯಿಂಟ್ ಹಾಕಿಸಿ, ಬಾಯಿಗೆ ಮುಚ್ಚಳ ಬಿಗಿಸಿ ಬಿಟ್ಟಿದ್ದಾಳೆ. ಬರುವ ಯುಗಾದಿಗೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಗೋಡೆ ಕೊರೆಸುತ್ತಾಳಂತೆ.